ಎಡಗಡೆಯ ಸ್ಪೀಕರು

ನನ್ನ ಎಡಗಿವಿ ಹೋಗಿ ಏಳು ತಿಂಗಳಾದ ಮೇಲೆ ಮಳವಳ್ಳಿಯ ನನ್ನ ಭಾಮೈದ ಹೋಮ್ ಥಿಯೇಟರ್ ಮಾಡಿಸಲು ಹೊರಟ. ಕಿವಿ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೂ ನಾನು ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ನೆಂಟರ ಪಾಲಿಗೆ ನಾನು ಇದ್ದದ್ದೇ ಒಂದು ಜೊತೆ ಕಿವಿಯಾಗಿ. ಹೊಟ್ಟೆಪಾಡಿಗೆ ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತ, ಅದು ಯಾರಿಗೂ ಮುಖ್ಯವಲ್ಲ. ಹರೆಯದಲ್ಲಿ ಆಂಪ್ಲಿಫೈಯರ್ ಕಟ್ಟಿ, ಬಡಗಿಯ ಹತ್ತಿರ ಸ್ಪೀಕರ್ ಬಾಕ್ಸು ಮಾಡಿಸಿ, ಮನೆಯವರ ನಿದ್ದೆ ಕೆಡಿಸಿದವನು. ಮದುವೆಗೆ ಹೋದರೆ ಊಟಕ್ಕೆ ಮೊದಲು ಸೌಂಡಿನವನ ಹತ್ತಿರ ಹೋಗಿ, "ಬಲಗಡೆದು ಒಂದು ಗುಲಗಂಜಿ ಜಾಸ್ತಿಯಾಗಿದೆ ನೋಡಪ್ಪ" ಎಂದು ಮೂಗು ತೂರಿಸದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವನು ಒಳಗೊಳಗೇ ಬೈದುಕೊಂಡು ತಿರುಗಿಸುತ್ತಿದ್ದ. ತಿರುಗಿಸಿದ ಮೇಲೆ ಸರಿಯಾಗುತ್ತಿತ್ತು. ಆ ಗರ್ವ ನನಗಿತ್ತು.

ಕಿವಿ ಹೋದದ್ದು ಒಂದು ಬೆಳಿಗ್ಗೆ, ಹಲ್ಲುಜ್ಜುವಾಗ. ನೀರು ತುಂಬಿಕೊಂಡ ಹಾಗಾಯಿತು. ತಲೆ ವಾಲಿಸಿ ಒಂಟಿ ಕಾಲಿನಲ್ಲಿ ಕುಣಿದೆ, ಏನೂ ಇಳಿಯಲಿಲ್ಲ. ಹೆಂಡತಿ ಒಗ್ಗರಣೆ ಸೌಟಿನಲ್ಲಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಆರಿಸಿ, ಎರಡು ತೊಟ್ಟು ಬಿಟ್ಟಳು. ಮೂರನೆಯ ದಿನ ಅವಳೇ "ಮಂಡ್ಯಕ್ಕೋಗಿ ತೋರಿಸ್ಕೊಂಡು ಬನ್ನಿ" ಎಂದಳು. ಹೊಳಲಿನಲ್ಲಿ ನೆಂಟರ ಮದುವೆಯಿತ್ತು, ಸೌಂಡು ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡಿದ್ದೆ. ಮದುವೆಯಾಗಲಿ ಎಂದೆ. ಆಮೇಲೆ ಕಚೇರಿಯಲ್ಲಿ ಏನೋ ಬಂತು. ಅವಳು ದಿನಾ ಎಣ್ಣೆ ಬಿಡುತ್ತಲೇ ಇದ್ದಳು. ಹತ್ತು ದಿನ ಕಳೆಯಿತು.

ಮಂಡ್ಯದ ಡಾಕ್ಟರು ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು. ಬಲಗಿವಿಗೆ ಟಪಟಪನೆ ಒತ್ತಿದೆ. ಎಡಗಿವಿಯ ಸರದಿ ಬಂದಾಗ ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾದೆ. ಇನ್ನೂ ಶುರುವಾಗಿಲ್ಲ ಎಂದುಕೊಂಡೇ ಕಾದೆ. ಆಮೇಲೆ ಬಾಗಿಲು ತೆಗೆದು, ಮುಗಿಯಿತು ಬನ್ನಿ ಎಂದರು.

"ಮೊದಲ ಎರಡು ಮೂರು ದಿನದಲ್ಲೇ ಬರಬೇಕಿತ್ತು" ಎಂದರು ಡಾಕ್ಟರು. ಎಣ್ಣೆ ಬಿಟ್ಟದ್ದಕ್ಕೆ ಹೀಗಾಯಿತೇ ಎಂದು ಕೇಳಿದೆ. "ಇಲ್ಲ. ಇದು ಒಳಗಿನ ನರದ್ದು, ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ನೀವು ತಡ ಮಾಡಿದಿರಿ, ಅಷ್ಟೆ" ಎಂದರು. ಮಾತ್ರೆ ಕೊಟ್ಟರು, ನುಂಗಿದೆ, ಕಿವಿ ಮರಳಿ ಬರಲಿಲ್ಲ. ಮನೆಯಲ್ಲಿ ಮಾತ್ರ, "ಗುಗ್ಗೆ ಕಟ್ಟಿತ್ತಂತೆ, ತೆಗೆದ್ರು, ಸರಿಹೋಯ್ತು" ಎಂದುಬಿಟ್ಟಿದ್ದೆ. ಅವಳು ನನ್ನ ಮುಖ ನೋಡಿ, ಸರಿ ಎಂದು ಒಳಗೆ ಹೋದಳು.

ದುಃಖವಾಗಬೇಕಿತ್ತು, ಆಗಲಿಲ್ಲ. ಕೈ ಮೇಲೆ ಮಲಗಿ ಎದ್ದಾಗ ಅದು ಯಾರದೋ ಕೈಯಂತಿರುತ್ತದಲ್ಲ, ಮನಸ್ಸು ಹಾಗೆ ಜೋಮು ಹಿಡಿದಿತ್ತು. ಕೈಯಾದರೆ ಸ್ವಲ್ಪ ಹೊತ್ತಿಗೆ ಇರುವೆ ಹರಿದಂತಾಗಿ ಮರಳುತ್ತದೆ. ಇದು ಮರಳಲಿಲ್ಲ. ಹಾಡು ಕೇಳುವ ನನ್ನ ಸೆಟ್ಟಿನ ಮೇಲೆ ಹಳೆಯ ಪಂಚೆ ಹೊದಿಸಿದೆ. ಕಿವಿಯೊಳಗೆ ಮಾತ್ರ ಕುಕ್ಕರು ಕೂಗುವ ಮುಂಚಿನ ಬುಸುಬುಸು, ಹಗಲೂ ರಾತ್ರಿ. ಅದು ಎಂದೂ ಕೂಗಿದ್ದಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಸದ್ದುಗಳಿಗೆ ದಿಕ್ಕು ಇಲ್ಲವಾದದ್ದು. ಕಚೇರಿಯಲ್ಲಿ ಯಾರಾದರೂ ಕರೆದರೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹುಡುಕಬೇಕು. ಒಂದು ಕಿವಿಯಿಂದ ಕೇಳಿಸುತ್ತದೆ, ಆದರೆ ಎಲ್ಲಿಂದ ಎಂದು ತಿಳಿಯಲು ಎರಡು ಬೇಕು. ಇದನ್ನು ಪುಸ್ತಕದಲ್ಲಿ ಓದಿ ಎಷ್ಟು ಜನಕ್ಕೆ ಬೋಧಿಸಿದ್ದೆನೋ.

ಆ ತಿಂಗಳುಗಳಲ್ಲಿ ಮನೆಯಲ್ಲಿ ಕೆಲವು ಬದಲಾವಣೆಗಳಾದವು. ಫ್ಯಾನಿನ ಗಾಳಿ ನೇರ ಹೊಡೆಯುತ್ತದೆ ಎಂದು ಹೆಂಡತಿ ಮಲಗುವ ಮಗ್ಗುಲು ಬದಲಾಯಿಸಿದಳು. ಬಸ್ಸಿನಲ್ಲಿ ವಾಂತಿ ಬರುತ್ತದೆಂದು ಮದುವೆಯಾದಾಗಿನಿಂದ ಕಿಟಕಿಯ ಸೀಟು ಯಾರಿಗೂ ಬಿಟ್ಟುಕೊಡದವಳು, ಈಗ ನನ್ನನ್ನೇ ಕಿಟಕಿಗೆ ತಳ್ಳಿ ಪಕ್ಕದಲ್ಲಿ ಕೂರತೊಡಗಿದಳು. ಕೈಯಲ್ಲೊಂದು ನಿಂಬೆಹಣ್ಣು, ಆಗಾಗ ಮೂಸುವುದು. ವಯಸ್ಸಾಗುತ್ತಾ ಆ ಕಾಟ ಕಡಿಮೆಯಾಗಿರಬೇಕು ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸುವ ಆಸಕ್ತಿ ನನಗಿರಲಿಲ್ಲ.

ಭಾಮೈದ ಬಂಡೂರು ಕುರಿ ಸಾಕುತ್ತಾನೆ. ಮಳವಳ್ಳಿಯ ಹೊರಗೆ ಮನೆ, ಕೆಳಗೆ ಕುರಿಯ ರೊಪ್ಪ, ಮೇಲೆ ಹೊಸದಾಗಿ ಕಟ್ಟಿದ ಕೋಣೆ. ಆ ಕೋಣೆಯ ಗೋಡೆಗೆಲ್ಲ ದಪ್ಪ ಜಮಖಾನ ಹೊಡೆಸಿ ಫೋನು ಮಾಡಿದ. "ಭಾವ, ಆಕ್ಟಿವೋ ಪ್ಯಾಸಿವೋ ನೀವೇ ಯೇಳ್ಬೇಕು. ನೀವು ಕೇಳ್ದೆ ನಾನು ಒಂದು ವಯರೂ ತಕಳಾಕಿಲ್ಲ."

ಏನಾದರೂ ನೆಪ ಹೇಳಬಹುದಿತ್ತು. ನೆಪ ಹುಡುಕುವುದೂ ಬೇಜಾರಾಗಿ, ಬರುತ್ತೇನೆ ಎಂದೆ.

ಮಂಡ್ಯದ ಅಂಗಡಿಯಲ್ಲಿ ಎರಡು ಜೊತೆ ಸ್ಪೀಕರ್ ಇಟ್ಟಿದ್ದರು. ಅಂಗಡಿಯವನು ಪಾಠ ಒಪ್ಪಿಸಿದ: ಪ್ಯಾಸಿವ್ ಎಂದರೆ ಬರೀ ಸ್ಪೀಕರು, ಅದಕ್ಕೆ ಹೊರಗೊಂದು ಆಂಪ್ಲಿ ಬೇಕು, ಅಲ್ಲಿಂದ ಎಲ್ಲದಕ್ಕೂ ವಯರು ಎಳೆಯಬೇಕು. ಆಕ್ಟಿವ್ ಎಂದರೆ ಒಂದೊಂದರ ಹೊಟ್ಟೆಯಲ್ಲೂ ಅದರದೇ ಆಂಪ್ಲಿ, ಒಂದೊಂದಕ್ಕೂ ಅದರದೇ ಪ್ಲಗ್ಗು, ಹಿಂದೆ ಅದರದೇ ಸ್ವಿಚ್ಚು. ಮೊದಲಿನ ನಾನಾಗಿದ್ದರೆ ಅವನ ಬಾಯಿಯಿಂದ ಮಾತು ಕಿತ್ತುಕೊಂಡು ಇಡೀ ಅಂಗಡಿಗೆ ಪಾಠ ಮಾಡುತ್ತಿದ್ದೆ. ಈಗ ಸುಮ್ಮನೆ ನಿಂತಿದ್ದೆ. ಭಾಮೈದ ನನ್ನ ಮೌನವನ್ನು ಗಾಂಭೀರ್ಯವೆಂದುಕೊಂಡು ತಾನೂ ಕೈ ಕಟ್ಟಿ ನಿಂತ.

ಅಂಗಡಿಯವನು ಒಂದೇ ಹಾಡನ್ನು ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ಹಾಕಿದ. ನನಗೆ ಎರಡೂ ಒಂದೇ. ಹಾಡು ಯಾವುದರಿಂದ ಬರುತ್ತಿದೆ ಎಂಬುದೂ ತಿಳಿಯಲಿಲ್ಲ. ಅವನ ಬೆರಳು ಯಾವ ಬಟನ್ನಿನ ಮೇಲಿದೆ ಎಂದು ನೋಡಿ ತಿಳಿದುಕೊಂಡೆ.

"ಆಕ್ಟಿವೇ ತಕೋ" ಎಂದೆ.

ಭಾಮೈದ ಬೆರಗಾದ. "ಇಷ್ಟು ವರ್ಸ ಪ್ಯಾಸಿವ್ವು ಪ್ಯಾಸಿವ್ವು ಅಂತ ಪ್ರಾಣ ತಿಂದೋರು ನೀವೇ ಅಲ್ವಾ ಭಾವ?"

"ಅದ್ರಲ್ಲಿ ಆಂಪ್ಲಿ ಕೆಟ್ರೆ ಅಷ್ಟೂ ಮೂಕಾಯ್ತವೆ ಕಣ್ಲಾ. ಇದ್ರಲ್ಲಿ ಒಂದು ಓದ್ರೆ ಒಂದೇ ಓಯ್ತದೆ. ಇನ್ನೊಂದು ಆಡ್ತಿರ್ತದೆ" ಎಂದೆ.

ಅವನು, ಅಂಗಡಿಯವನು ಇಬ್ಬರೂ ತಲೆದೂಗಿದರು. ಹೇಳಿದ ಮೇಲೆ ನನ್ನ ಮಾತು ನನಗೇ ಹೇಗೋ ಅನಿಸಿತು. ಬಿಲ್ಲು ಮಾಡಿಸಲು ಹೇಳಿ ಹೊರಗೆ ಬಂದು ನಿಂತೆ.

ಜೋಡಿಸುವ ದಿನ, ಭಾನುವಾರ, ಹೆಂಡತಿಯೂ ತವರಿಗೆ ಜೊತೆಯಾದಳು. ವಯರುಗಳನ್ನು ನಾನೇ ಸಿಕ್ಕಿಸಿದೆ, ಸ್ಪೀಕರುಗಳ ಹಿಂದೆ ತೂರಿ ಸ್ವಿಚ್ಚುಗಳನ್ನೂ ನಾನೇ ಹಾಕಿದೆ. ಮೊದಲು ಮುಂದಿನ ಎರಡನ್ನು ಮಾತ್ರ ನುಡಿಸಿ ನೋಡುವುದು ನನ್ನ ಪದ್ಧತಿ. ನಡುವೆ ಕುರ್ಚಿ ಹಾಕಿಸಿ ಕೂತು, ಕಣ್ಣು ಮುಚ್ಚಿದೆ. ನಾನು ಕಣ್ಣು ಮುಚ್ಚಿದರೆ ನಮ್ಮ ಕಡೆಯವರು ಪೂಜಾರಿ ಗರ್ಭಗುಡಿಯೊಳಗೆ ಹೋದಷ್ಟು ಭಕ್ತಿಯಿಂದ ಸುಮ್ಮನಾಗುತ್ತಾರೆ. ಭಾಮೈದ ಹಾಡು ಹಾಕಿದ. ಕೆಳಗೆ ಕುರಿಯೊಂದು ಅರಚಿತು. ಒಂದು ಹೆಣ್ಣುದನಿ ಬಂತು, ಎಲ್ಲಿಂದಲೋ ಬಂತು. ಹೊರಗಿನದು ಯಾವುದೂ ಒಳಗೆ ತಾಗದೆ ಹೋಗುತ್ತಿದ್ದ ದಿನಗಳು ಅವು, ಅದೂ ಹಾಗೆಯೇ ಹೋಯಿತು. ಹಾಡು ಮುಗಿಯುವವರೆಗೆ ಕೂತಿದ್ದು, ಕಣ್ಣು ತೆರೆಯದೆ ತೀರ್ಪು ಕೊಟ್ಟೆ.

"ಚೆನ್ನಾಗಿದೆ. ದನಿ ಎರಡರ ನಟ್ಟನಡುವೆ ನಿಂತಿದೆ. ಒಂದು ಕೂದಲೂ ಆಚೀಚೆ ಇಲ್ಲ."

ಬಾಗಿಲ ಹತ್ತಿರ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಮಗನಿಗೆ ಹೇಳಿದರು: "ಲೇ, ಆ ಎಡಗಡೇದು ಯಾಕ್ಲಾ ಸುಮ್ಕೆ ಕುಂತದೆ? ಲೈಟೇ ಅತ್ತಿಲ್ವಲ್ಲೋ."

ಕಣ್ಣು ತೆರೆದೆ. ಬಲಗಡೆಯದರಲ್ಲಿ ನೀಲಿ ದೀಪ. ಎಡಗಡೆಯದರಲ್ಲಿ ಇಲ್ಲ. ಹಿಂದಿನ ಸ್ವಿಚ್ಚು ಹಾಕುವುದನ್ನು ನಾನೇ ಮರೆತಿದ್ದೆ. ಇಡೀ ಹಾಡು ಒಂದರಲ್ಲೇ ಹಾಡಿತ್ತು.

ಭಾಮೈದ ನನ್ನನ್ನೇ ನೋಡುತ್ತಿದ್ದ. ನನಗೆ ನಾಚಿಕೆಯಾಗಬೇಕಿತ್ತು, ಬೆವರಾದರೂ ಬರಬೇಕಿತ್ತು. ಏನೂ ಆಗಲಿಲ್ಲ. ಇಷ್ಟೇ ಅಲ್ಲವೇ, ಈಗ ಹೇಳಿಬಿಡುತ್ತೇನೆ, ಎಲ್ಲರೂ ಅಯ್ಯೋ ಅನ್ನುತ್ತಾರೆ, ಊಟ ಮಾಡಿ ಹೋಗುತ್ತೇನೆ ಅಂದುಕೊಂಡು ಬಾಯಿ ತೆರೆದೆ.

ಅಷ್ಟರಲ್ಲಿ ಹೆಂಡತಿ ಜೋರಾಗಿ ನಕ್ಕಳು. "ನೋಡ್ದಾ, ಸಿಕ್ಕಾಕೊಂಡೆ! ಬತ್ತಾ ಬಸ್ಸಲ್ಲೇ ಯೇಳಿದ್ರು ಕಣ್ಲಾ ನಿಮ್ಮ ಭಾವ. ಒಂದನ್ನ ಆಫ್ ಮಾಡಿಟ್ಟು ಇವನ ಕಿವಿ ಎಂಗದೆ ನೋಡ್ತೀನಿ ಅಂತ. ಅಷ್ಟು ದುಡ್ಡು ಸುರಿದೋನಿಗಿಂತ ನಮ್ಮವ್ವನ ಕಿವಿಯೇ ವಾಸಿ."

"ಥೂ, ಪರೀಕ್ಸೆ ಮಾಡುದ್ರಾ ಭಾವ!" ಎಂದು ಭಾಮೈದ ತಲೆ ಚಚ್ಚಿಕೊಂಡ. ನಮ್ಮತ್ತೆ ಅವರೆಕಾಳು ಚೆಲ್ಲುವಂತೆ ನಕ್ಕರು. ನಾನೂ ಹಲ್ಲು ಬಿಟ್ಟೆ. ಹೆಂಡತಿಯೇ ಹೋಗಿ ಎಡಗಡೆಯ ಸ್ವಿಚ್ಚು ಹಾಕಿ ಬಂದು, ನನ್ನ ಬಲಗಡೆ ನೆಲದ ಮೇಲೆ ಕೂತಳು. ಬಸ್ಸಿನಲ್ಲಿ ನಾನು ಅಂಥ ಮಾತೇ ಆಡಿರಲಿಲ್ಲ.

ನಾಲ್ಕು ಗಂಟೆಯ ಮದ್ದೂರಿನ ಬಸ್ಸಿನಲ್ಲಿ ಎಂದಿನಂತೆ ಎಡಗಡೆಯ ಇಬ್ಬರ ಸೀಟು. ನನ್ನನ್ನು ಕಿಟಕಿಗೆ ತಳ್ಳಿ ಪಕ್ಕದಲ್ಲಿ ಕೂತಳು. ನನ್ನ ಸತ್ತ ಕಿವಿ ಕಿಟಕಿಯ ಕಡೆ, ಇರುವ ಕಿವಿ ಅವಳ ಕಡೆ. ಮಲಗುವ ಮಗ್ಗುಲು, ರಸ್ತೆಯಲ್ಲಿ ನಡೆಯುವ ಮಗ್ಗುಲು, ಎಲ್ಲ ಹಾಗೆಯೇ ಇತ್ತೆಂದು ಆಗ ಒಂದೊಂದಾಗಿ ನೆನಪಾಯಿತು. ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತು, ನಿಂಬೆಹಣ್ಣಿಗೆ ಉಗುರು ಒತ್ತಿ ಮೂಸತೊಡಗಿದಳು. ವಾಂತಿಯ ಕಾಟ ಎಲ್ಲೂ ಹೋಗಿರಲಿಲ್ಲ.

"ಯಾವಾಗಿಂದ ಗೊತ್ತು?" ಎಂದೆ.

"ನೀವು ಮಂಡ್ಯದಿಂದ ಬಂದ ದಿನದಿಂದ್ಲೇ. ಗುಗ್ಗೆ ತೆಗ್ಸಿದ್ರೆ ಅಷ್ಟೊಂದು ಮಾತ್ರೆ ಕೊಡ್ತಾರಾ?"

"ಮತ್ತೆ ಯಾಕೆ ಕೇಳಲಿಲ್ಲ?"

ಅವಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಎಣ್ಣೆ ಬುಟ್ಟೋಳು ನಾನೇ ಅಲ್ವೇನ್ರೀ. ಬಿಸಿ ಜಾಸ್ತಿ ಆಗೋಗಿತ್ತೇನೋ. ನನ್ನ ಮೇಲೆ ಬರ್ತದೆ ಅಂತ್ಲೇ ನೀವು ಮುಚ್ಚಿಟ್ರಲ್ವಾ?" ಎಂದಳು.

ಏಳು ತಿಂಗಳು. ನನ್ನ ಗರ್ವಕ್ಕೆ ನಾನು ಮುಚ್ಚಿಟ್ಟದ್ದನ್ನು, ತನ್ನನ್ನು ಕಾಪಾಡಲು ಮುಚ್ಚಿಟ್ಟೆನೆಂದು ಇವಳು ತಿಳಿದಿದ್ದಳು. ದಿನಾ ಅದೇ ಸೌಟಿನಲ್ಲಿ ಒಗ್ಗರಣೆ ಹಾಕಿ ನನಗೆ ಬಡಿಸಿದ್ದಳು. ಜೋಮು ಬಿಡುವ ಕೈಯಂತೆ ಒಳಗೆಲ್ಲೋ ಇರುವೆ ಹರಿದಂತಾಯಿತು. ಅಷ್ಟು ದಿನಗಳಲ್ಲಿ ನನಗೆ ಏನಾದರೂ ಆಗಿದ್ದು ಅದೇ ಮೊದಲು.

"ಎಣ್ಣೆಯಿಂದಲ್ಲ ಕಣೆ. ಡಾಕ್ಟ್ರೇ ಹೇಳಿದ್ರು. ಮೂರನೇ ದಿನ ನೀನು ಹೋಗಿ ಅಂದೆ, ನಾನು ಹೋಗಲಿಲ್ಲ. ತಪ್ಪು ನಂದು" ಎಂದೆ. ಬಸ್ಸಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ. ಈ ಸಲ ಎಷ್ಟು ಜೋರಾಗಿತ್ತೆಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ವಾಂತಿಗೋ ಅಳುವಿಗೋ ತಿಳಿಯಲಿಲ್ಲ.

ಕೆ.ಎಂ. ದೊಡ್ಡಿಯಲ್ಲಿ ಆಚೆ ಬದಿಯ, ಡ್ರೈವರ್ ಹಿಂದಿನ ಮೂರು ಜನರ ಸೀಟು ಖಾಲಿಯಾಯಿತು.

"ಏಳು, ಆ ಕಡೆಗೆ ಹೋಗೋಣ" ಎಂದೆ.

"ಯಾಕೆ?"

"ಅಲ್ಲಿ ಕಿಟಕಿ ಬಲಗಡೆ ಇದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಎದ್ದು ಹೋಗಿ ಕಿಟಕಿಯ ಪಕ್ಕ ಕೂತು, ಗಾಜು ಪೂರಾ ಸರಿಸಿ, ಗಾಳಿಗೆ ಮುಖ ಕೊಟ್ಟಳು. ಅವಳ ಎಡಕ್ಕೆ ನಾನು ಕೂತೆ. ಕಿಟಕಿಯೂ ಅವಳಿಗೆ ಸಿಕ್ಕಿತು, ಅವಳ ಮಾತೂ ನನಗೆ ಕೇಳಿಸುವಂತಾಯಿತು. ಇಷ್ಟು ತಿಂಗಳು ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.