ಬೇಲಿಯೊಳಗಿನ ಬನ್ನಿ

ಬಹರೇನಿನ ಸೆಗಯಾದಲ್ಲಿ ನನ್ನದು ಪರದೆ ಬಟ್ಟೆಯ ಅಂಗಡಿ. ಯಾರ ಕೃಪೆಯೂ ಇಲ್ಲದೆ ನಾನೇ ಕಟ್ಟಿಕೊಂಡದ್ದು. ಆದ್ದರಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಯನ್ನು ಅಂಗಡಿಯ ದೀಪದಲ್ಲಿ ನೋಡಿ ಕೊಳ್ಳಬೇಡಿ, ಬಿಸಿಲಿಗೆ ಹಿಡಿದು ನೋಡಿ. ಮನೆಯ ಸೋಫಾಕ್ಕೆ ಹೊಂದಿಸಬೇಕಿದ್ದರೆ ಬಣ್ಣ ನೆನಪಿದೆ ಎಂದುಕೊಂಡು ಬರಬೇಡಿ, ಒಂದು ತುಂಡು ಕತ್ತರಿಸಿಕೊಂಡು ಬನ್ನಿ. ಹೀಗೆ ಹೇಳಿ ನಾನು ಎಷ್ಟೋ ವ್ಯಾಪಾರ ಕಳೆದುಕೊಂಡಿದ್ದೇನೆ. ಆದರೂ ಹೇಳುತ್ತೇನೆ.

ಆ ವರ್ಷ ನವರಾತ್ರಿಗೆ ಅಕ್ಕ ನಮ್ಮ ಮನೆಯಲ್ಲಿದ್ದಳು. ನನ್ನ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಮನೆ ನೋಡಿಕೊಳ್ಳಲು ಗದಗಿನಿಂದ ನಾನೇ ಕರೆಸಿದ್ದೆ. ಅಗ್ಗದ ಟಿಕೆಟ್ ಹುಡುಕುವ ಭರದಲ್ಲಿ ಹಬ್ಬ ಯಾವಾಗ ಎಂದು ನೋಡಿರಲಿಲ್ಲ. ನಮ್ಮ ಕಡೆ ಹೆಂಗಸರು ನವರಾತ್ರಿಯಲ್ಲಿ ನಸುಕಿಗೇ ಎದ್ದು ಬನ್ನಿ ಗಿಡಕ್ಕೆ ಸುತ್ತು ಹಾಕುತ್ತಾರೆ. ದಶಮಿಯ ಸಂಜೆ ಅದರ ಎಲೆಯನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಮದುವೆಯಾದಾಗಿನಿಂದ ಅಕ್ಕ ಇದನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ.

"ನೀ ಕರದಿ, ನಾ ಬಂದೆ," ಎಂದಳು ಹಬ್ಬ ಶುರುವಾದ ದಿನ. "ಈಗ ನನಗ ಒಂದು ಬನ್ನಿ ಗಿಡ ತೋರಸು. ದಿನಾ ಬ್ಯಾಡ, ಒಂದ ಸಲ ಸುತ್ತು ಹಾಕಿದ್ರ ಸಾಕು. ಇಲ್ಲಂದ್ರ ಇಷ್ಟು ವರ್ಷ ಮಾಡಿದ್ದು ತುಂಡ ಆಗತೈತಿ."

"ಇದು ಬಹರೇನ್, ಅಕ್ಕಾ. ಇಲ್ಲೆ ಖರ್ಜೂರದ ಗಿಡ ಅದಾವು."

"ಖರ್ಜೂರಕ್ಕ ಸುತ್ತು ಹಾಕ್ಲೇನು?"

ಇದನ್ನು ಅಂಗಡಿಯಲ್ಲಿ ಸುಮ್ಮನೆ ಹೇಳಿಕೊಂಡೆ, ಅದೇ ತಪ್ಪಾಯಿತು. ವ್ಯಾನಿನ ಸೀಟಿಗೆ ಬಟ್ಟೆ ನೋಡಲು ಬಂದಿದ್ದ ಮಂಗಳೂರು ಕಡೆಯವರೊಬ್ಬರು ಕಿವಿ ನೆಟ್ಟಗೆ ಮಾಡಿದರು. ರಜೆಯ ದಿನ ನಮ್ಮ ಜನರನ್ನು ಊರು ತೋರಿಸಲು ಒಯ್ಯುವುದು ಅವರ ಕಸುಬು.

"ಮರುಭೂಮಿಯ ನಡುವೆ ಒಂದು ಮರ ಉಂಟಲ್ಲ, ಟ್ರೀ ಆಫ್ ಲೈಫ್," ಎಂದರು. "ಅದು ನಿಮ್ಮ ಬನ್ನಿಯೇ ಮಾರಾಯ್ರೆ."

"ಯಾರು ಹೇಳಿದ್ರು?"

"ತೋಟದ ಕೆಲಸದ ರಾಜಸ್ಥಾನದವ್ರು. ಅವ್ರ ಊರಲ್ಲಿ ಮನೆಮನೆಗೂ ಅದೇ ಮರ ಅಂತೆ. ನಾನು ಸುಳ್ಳು ಹೇಳಿ ನಂಗೆ ಎಂತ ಸಿಗ್ತದೆ?"

"ಬಾಡಿಗೆ ಸಿಗ್ತದೆ," ಎಂದೆ.

ಅವರು ನಕ್ಕರು. ನಗುವವರನ್ನು ನಾನು ಎರಡು ಪಟ್ಟು ಸಂಶಯಿಸುತ್ತೇನೆ. ಆದರೆ ನನ್ನದು ಸರಕಿನ ಪಿಕಪ್, ಅಕ್ಕನಿಗೆ ಹತ್ತಲು ಆಗುವುದಿಲ್ಲ. ಚೌಕಾಸಿಗೆ ಕೂತೆ. ನೀವೂ ನೆನಪಿಡಿ, ಬಾಡಿಗೆ ಮಾತಾಡುವ ಮೊದಲು ಎಷ್ಟು ಹೊತ್ತು ಕಾಯುತ್ತಾರೆ ಎಂದು ಕೇಳಿ. ಮರವೊಂದಕ್ಕೇ ಹೋದರೂ ಬಾಡಿಗೆ ಅಷ್ಟೇ, ಕೋಟೆ ಮತ್ತು ಹಳೆಯ ಸಮಾಧಿ ದಿಬ್ಬಗಳು ಸೇರಿದರೂ ಅಷ್ಟೇ ಎಂದಾಗ, ಮೂರನ್ನೂ ಹಾಕಿಸಿಕೊಂಡೆ.

ಕೋಟೆ ಸಮುದ್ರದ ದಂಡೆಯಲ್ಲಿದೆ. ಗೋಡೆ ಮೊನ್ನೆ ಗಿಲಾವು ಮಾಡಿದಷ್ಟು ನುಣ್ಣಗಿತ್ತು. ಇದರಲ್ಲಿ ಹಳೆಯದೆಷ್ಟು, ರಿಪೇರಿ ಎಷ್ಟು ಎಂದು ಉಗುರಿನಿಂದ ಕೆರೆಯಲು ಹೋಗಿ, ಮುಟ್ಟಬಾರದೆಂಬ ಫಲಕ ನೋಡಿ ಕೈ ಹಿಂತೆಗೆದೆ. ಆಲಿ ಎಂಬಲ್ಲಿ ಮನೆಗಳ ನಡುವೆ ದಿಬ್ಬಗಳಿದ್ದವು. ಸಾವಿರಾರು ವರ್ಷ ಹಿಂದಿನ ದೊಡ್ಡವರ ಸಮಾಧಿಗಳಂತೆ. ನನ್ನ ಕಣ್ಣಿಗೆ ರಸ್ತೆ ಕೆಲಸದವರು ಸುರಿದ ಜಲ್ಲಿಯ ಹಾಗೆ ಕಂಡವು. ಬೇಲಿಯೂ ಫಲಕವೂ ಇರದಿದ್ದರೆ ಯಾವ ಗುಡ್ಡೆ ತೋರಿಸಿದರೂ ನಂಬಬೇಕಾಗಿತ್ತು. ಅಕ್ಕ ಎರಡೂ ಕಡೆ ವ್ಯಾನಿನಿಂದ ಇಳಿಯಲಿಲ್ಲ. ಎರಡೂ ಕೈಯಿಂದ ಪರ್ಸನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಳು. ಅದರಲ್ಲಿ ಅಷ್ಟು ಕಾಯುವಂಥದ್ದು ಏನೂ ಇಲ್ಲವೆಂದು ನನಗೆ ಗೊತ್ತಿತ್ತು.

ಅವಾಲಿ ದಾಟಿ, ಎಣ್ಣೆ ಎತ್ತುವ ಯಂತ್ರಗಳು ತಲೆಯಾಡಿಸುವ ಬಯಲಿಗೆ ಬಂದಾಗ ಕೇಳಿದಳು, "ಅಲ್ಲೆ ಕಾವಲಿಗೆ ಮಂದಿ ಇರತಾರೇನು?"

ನಾನು ಅವಳ ಕಡೆ ತಿರುಗಿದೆ. "ಯಾಕ?"

"ಸುಮ್ನ ಕೇಳ್ದೆ."

"ನೋಡಕ್ಕಾ, ಅದು ಸರ್ಕಾರದವರು ಕಾಯೋ ಗಿಡ. ಒಂದೆಲಿ ಹರದ್ರೂ ಕೇಸ್ ಆಗಬಹುದು. ನಿಂದು ವಿಸಿಟ್ ವೀಸಾ. ನಂದು ಅಂಗಡಿ ಐತಿ."

"ನಾ ಕಳ್ಳಿ ಅದೀನೇನು?"

ವ್ಯಾನಿನವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದರು.

ಮರ ನಿಜಕ್ಕೂ ಒಂಟಿ. ಸುತ್ತ ಮರಳು, ಮರಳಿನ ನಡುವೆ ಗುಂಡಗೆ ಕಟ್ಟಿದ ಗೋಡೆ, ಅದರೊಳಗೆ ಮರಕ್ಕೆ ಬೇಲಿ. ಕೊಂಬೆಗಳು ದಣಿದ ತೋಳಿನಂತೆ ನೆಲಕ್ಕೆ ಒರಗಿದ್ದವು, ಎಲೆ ಮಾತ್ರ ಹಸಿರು. ನೂರಾರು ವರ್ಷದಿಂದ ನೀರಿಲ್ಲದೆ ನಿಂತಿದೆ ಎನ್ನುತ್ತಾರೆ. ಯಾರೋ ಗುಟ್ಟಾಗಿ ಪೈಪು ಹಾಕಿರುತ್ತಾರೆ ಎಂಬುದು ನನ್ನ ಅಂದಾಜು. ಬೇಲಿಯ ಹೊರಗಿನಿಂದ ಬಗ್ಗಿ ಬಗ್ಗಿ ಹುಡುಕಿದೆ. ಕಪ್ಪು ಕೊಳವೆಯೊಂದು ಸಿಕ್ಕಿತು, ಅದರ ಬೆನ್ನು ಹಿಡಿದು ಹೋದರೆ ರಾತ್ರಿಯ ದೀಪದ ವೈರು. ನಾನು ಹೀಗೆ ಬಗ್ಗುವುದನ್ನು ಕಾವಲುಗಾರ ಒಂದೇ ಸಮನೆ ನೋಡುತ್ತಿದ್ದ. ನನ್ನ ಮೇಲೇ ಅವನಿಗೆ ಅನುಮಾನ ಬಂದಂತಿತ್ತು.

ಅಷ್ಟರಲ್ಲಿ ಅಕ್ಕ ಆಚೆ ಬದಿಯಲ್ಲಿ ನಮಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದಳು. ಕಾವಲುಗಾರನೂ ಕಂಡ, ನಾನೂ ಕಂಡೆ. ಇಬ್ಬರೂ ಒಟ್ಟಿಗೇ ಅಲ್ಲಿಗೆ ಮುಟ್ಟಿದೆವು.

ಅವಳ ಅಂಗೈಯಲ್ಲಿ ಎರಡು ಎಸಳು. ಒಂದು ಒಣಗಿದ್ದು, ಇನ್ನೊಂದು ಹಸಿರು. ಬಾಚಣಿಗೆಯ ಹಲ್ಲಿನಂತೆ ಜೋಡಿಸಿದ ಸಣ್ಣ ಎಲೆಗಳು, ಎರಡರಲ್ಲೂ ಒಂದೇ ಥರ.

"ಯೇ ತೋಡಾ, ಖಾಲಾ?" ಎಂದ ಕಾವಲುಗಾರ, ಇದನ್ನು ಕಿತ್ತೆಯಾ ಚಿಕ್ಕಮ್ಮಾ ಎಂದು. "ಮಮ್ನೂ ಹೈ." ಮುಟ್ಟುವ ಹಾಗಿಲ್ಲವಂತೆ.

"ತೋಡಾ ನಹೀ," ಎಂದಳು ಅಕ್ಕ. "ನೀಚೆ ಗಿರಾ ಥಾ. ಗಾಳಿಗಿ ಬಿದ್ದಿತ್ತು."

"ಸಬ್ ಯಹೀ ಬೋಲ್ತೇ ಹೈಂ." ಎಲ್ಲರೂ ಹೀಗೇ ಹೇಳುತ್ತಾರಂತೆ. ಅವನು ನನ್ನ ಕಡೆ ತಿರುಗಿದ. "ಆಪ್ ಬತಾವೋ." ಕಿತ್ತದ್ದೋ ಬಿದ್ದದ್ದೋ ನಾನು ಹೇಳಬೇಕಂತೆ.

ನಾನು ಯಾರಿಗೂ ಜಾಮೀನು ನಿಲ್ಲುವುದಿಲ್ಲ. ವ್ಯಾಪಾರ ಮಾಡುವವರು ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಉತ್ತರ ಕೊಡುವ ಮೊದಲು ನಾನು ಅಕ್ಕನ ಇನ್ನೊಂದು ಕೈ ನೋಡಿದೆ, ಅದರಲ್ಲೂ ಎಲೆ ಇದೆಯೇ ಎಂದು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಅವನ ಸಂಶೇ ಇರ್ಲಿ, ಅವನ ಕೆಲಸ ಅದು," ಎಂದಳು. "ನಿಂದೇನು? ಬಾ ಬಿಸಿಲಿಗೆ."

ಗೋಡೆಯ ನೆರಳು ದಾಟಿ ಬಿಸಿಲಿನಲ್ಲಿ ನಿಂತು, ಪರ್ಸಿನಿಂದ ಮಡಚಿದ ಕನ್ನಡ ಪೇಪರಿನ ತುಂಡು ತೆಗೆದಳು. ಅದರ ನಡುವೆ ಕುಂಕುಮದ ಕಲೆ, ಎಲೆಯ ಅಚ್ಚು. ಒಣಗಿದ್ದು ಹೋದ ದಸರೆಯದು. ಊರಲ್ಲಿ ತಿಜೋರಿಯೊಳಗೆ ಮುಂದಿನ ಹಬ್ಬದವರೆಗೆ ಇಡುತ್ತಾರಲ್ಲ, ಆ ಬಂಗಾರ.

"ಇದನ್ಯಾಕ ತಂದಿ?"

"ಮತ್ತ? ನಿನ್ನ ವ್ಯಾನಿನಾಂವ ಯಾವುದೋ ಜಾಲಿ ಗಿಡ ತೋರಿಸಿ ಬನ್ನಿ ಅಂದಿದ್ರ? ಜಾಲಿಗೆ ಸುತ್ತು ಹಾಕಿ ಮನಿಗೆ ಬರೂದೇನು? ಜೋಡಿಸಿ ನೋಡಿದೆ. ಬನ್ನೀನ ಐತಿ."

ಇಷ್ಟನ್ನೂ ನಾನು ಕಾವಲುಗಾರನಿಗೆ ಹಿಂದಿಯಲ್ಲಿ ಹೇಳಿದೆ. ಕಡೆಗೆ, "ಇವಳು ಕಿತ್ತಿಲ್ಲ, ನಾನು ಹೇಳುತ್ತೇನೆ," ಎಂದೂ ಸೇರಿಸಿದೆ. ಅವನು ಒಣಗಿದ ಎಸಳನ್ನು ಬೆರಳಲ್ಲಿ ಹಿಡಿದು ಉಜ್ಜಿದ. ಅದು ಪುಡಿಪುಡಿಯಾಗಿ ಅಕ್ಕ ಹಿಡಿದಿದ್ದ ಕಾಗದದ ಮೇಲೆ ಬಿತ್ತು, ಅರ್ಧ ಗಾಳಿಗೆ ಹೋಯಿತು. "ಪುರಾನಾ ಹೈ," ಎಂದು ಹಳೆಯದೆಂಬುದನ್ನು ಒಪ್ಪಿದ. ಆಮೇಲೆ ಹಸಿರಿನದಕ್ಕೆ ಕೈ ಚಾಚಿದ. ಬಿದ್ದದ್ದನ್ನೂ ಒಯ್ಯುವ ಹಾಗಿಲ್ಲವಂತೆ. ನನಗೆ ಚೌಕಾಸಿ ಬಾಯಿಗೆ ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಅಕ್ಕ ಕೊಟ್ಟಳು. ಅವನು ಅದನ್ನು ಬೇಲಿಯೊಳಗೆ ಹಾಕಿದ.

"ಸುತ್ತು ಹಾಕಬಹುದೇನು, ಕೇಳು," ಎಂದಳು. ಹೊರಗಿನಿಂದ ಹಾಕಲು ಅಡ್ಡಿಯಿರಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ ನಡೆದಳು. ಕಾವಲುಗಾರ ನೋಡುತ್ತ ನಿಂತ. ನಾನೂ ನೋಡುತ್ತ ನಿಂತೆ. ಆಚೆ ಬದಿಗೆ ಹೋದಾಗ ಕೊಂಬೆಗಳ ಮರೆಯಲ್ಲಿ ಅವಳು ಸ್ವಲ್ಪ ಹೊತ್ತು ಕಾಣಿಸುತ್ತಿರಲಿಲ್ಲ.

"ಹೇಳಿದ್ದಲ್ವಾ ನಾನು, ಬನ್ನಿಯೇ," ಎಂದರು ವ್ಯಾನಿನವರು. "ಇನ್ನು ಪ್ರತಿ ದಸರಾಕ್ಕೆ ನಿಮ್ಮ ಕಡೆಯವ್ರನ್ನೆಲ್ಲ ಕರ್ಕೊಂಡು ಬರಬಹುದು. ವ್ಯಾನಿಗೆ ಕಟ್ಲಿಕ್ಕೆ ಒಂದು ಬಟ್ಟೆಯ ಬೋರ್ಡ್ ಮಾಡಿಕೊಡ್ತೀರಾ?"

ಅವರ ಬಗ್ಗೆ ನನ್ನ ಲೆಕ್ಕಾಚಾರ ಪೂರ್ತಿ ತಪ್ಪಿರಲಿಲ್ಲ.

ದಾರಿಯುದ್ದಕ್ಕೂ ಅಕ್ಕ ನನಗೆ ಬೆನ್ನು ಮಾಡಿ ಕಿಟಕಿಯತ್ತ ತಿರುಗಿ ಕೂತಿದ್ದಳು. ಮನೆಯಲ್ಲಿ ಎರಡು ದಿನ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಬಿತ್ತು, ನಾನು ಮೇಲಿಂದ ಹಾಕಿಕೊಂಡು ತಿಂದೆ.

ದಶಮಿಯ ಸಂಜೆ ಆ ಕಾಗದ ಬಿಚ್ಚಿದಳು. ಹೆಂಡತಿಗೊಂದು ಚಿಟಿಕೆ, ಪಕ್ಕದ ಫ್ಲ್ಯಾಟಿನವರಿಗೊಂದು ಚಿಟಿಕೆ, ಕೊನೆಗೆ ನನಗೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದಳು. ನಾನು ಬಗ್ಗಿ ಕಾಲು ಮುಟ್ಟಿದೆ, ಎದ್ದು ಅಂಗೈ ನೋಡಿಕೊಂಡೆ. ಕಂದು ಪುಡಿಯ ನಡುವೆ ಅಕ್ಕಿ ಕಾಳಿಗಿಂತ ಸಣ್ಣದೊಂದು ಎಲೆ ಇಡಿಯಾಗಿ ಉಳಿದಿತ್ತು. ಹಸಿರಾಗಿ ಕಂಡಿತು. ಹಸಿರಿನದನ್ನು ಕಾವಲುಗಾರ ಬೇಲಿಯೊಳಗೆ ಹಾಕಿದ್ದನಲ್ಲ? ಕಿಟಕಿಯ ಹತ್ತಿರ ಹೋದೆ.

"ಏನ ನೋಡ್ತಿ?" ಎಂದಳು ಅಕ್ಕ. "ಹೊತ್ತ ಮುಳುಗೇತಿ. ಈಗೆಲ್ಲಿ ಬಿಸಿಲು?"

ಮುಷ್ಟಿ ಮುಚ್ಚಿ ಅಂಗಡಿಗೆ ಒಯ್ದು ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿಟ್ಟೆ. ಅಕ್ಕ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ನೆನಪಾಗಿ ಅದನ್ನು ತೆಗೆದು, ಬಾಗಿಲ ಹೊರಗೆ ನಿಂತು ಬಿಸಿಲಿಗೆ ಹಿಡಿದೆ. ಎಲ್ಲವೂ ಒಣಗಿ ಒಂದೇ ಬಣ್ಣವಾಗಿತ್ತು.