ಹಾರನ್‌ಗೆ ಮೇಷ್ಟ್ರು ಹುಡುಕಿದ್ದು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಡ್ರೈವಿಂಗ್ ಮೇಷ್ಟ್ರ ಮಾತನ್ನು ಅವರ ಮನೆಯ ನಾಯಿ ಕೇಳುತ್ತಿರಲಿಲ್ಲ. ಬೇರೆಯವರು ಆಡಿಕೊಳ್ಳುವ ಮೊದಲೇ ಅವರೇ ಹೇಳಿಕೊಂಡು ನಗುತ್ತಿದ್ದರು. "ನನ್ನ ಪಕ್ಕ ಕೂತೋರೆಲ್ಲ ಬೆವರ್ತಾರೆ, ಇದು ಮಾತ್ರ ಆಕಳಿಸುತ್ತೆ." ನಾಯಿಯ ಹೆಸರು ಹಾರನ್. ಅದಕ್ಕೆ ಬೊಗಳಲು ಕಾರಣವೇ ಬೇಕಿರಲಿಲ್ಲ, ಹಾಗಾಗಿ ಮಗಳು ಇಟ್ಟ ಹೆಸರು.

ಬೊಗಳುವುದನ್ನಾದರೂ ಸಹಿಸಬಹುದಿತ್ತು. ಬಾಗಿಲಿಗೆ ಯಾರೇ ಬಂದರೂ ಹಾರನ್ ಮುಂಗಾಲೆತ್ತಿ ಎದೆಯ ಮೇಲೆ ಹಾರುತ್ತಿತ್ತು, ಅದೂ ಪ್ರೀತಿಯಿಂದ. ಕೊರಿಯರ್‌ನವನೊಬ್ಬ ಆ ಪ್ರೀತಿಗೆ ಸಿಕ್ಕಿ ಪೆಟ್ಟಿಗೆ ಸಮೇತ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಈಗ ಮೇಷ್ಟ್ರ ಅತ್ತೆ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ವಾಕರ್ ಹಿಡಿದು ಸೀದಾ ಇಲ್ಲಿಗೇ ಬರುವವರು. ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಅಮ್ಮ ಬರೋದ್ರೊಳಗೆ ಇದು ಕೂತ್ಕೊಳೋದು ಕಲೀಬೇಕು. ಇಲ್ಲಾಂದ್ರೆ ನಮ್ಮಣ್ಣನ ಮನೆಗೆ ಕಳಿಸ್ಬಿಡೋಣ. ಅಮ್ಮ ಇನ್ನೊಂದ್ಸಲ ಬಿದ್ರೆ ಏಳಲ್ಲ ರೀ."

ಆ ಮಾತಿನಲ್ಲಿ ತಪ್ಪು ಹುಡುಕಲು ಮೇಷ್ಟ್ರಿಗೂ ಆಗಲಿಲ್ಲ. ತಪ್ಪು ಹುಡುಕುವುದೇ ಅವರ ಹೊಟ್ಟೆಪಾಡಾಗಿದ್ದರೂ ಆಗಲಿಲ್ಲ. ಆದರೆ ದಿನವಿಡೀ ಜನರನ್ನು ಗದರಿ ಮನೆಗೆ ಬರುವ ಅವರನ್ನು ಕಂಡು ಕುಣಿದಾಡುವ ಜೀವ ಅದೊಂದೇ. ಅದು ಬೇರೆಯವರ ಮನೆ ಸೇರುವುದನ್ನು ನೆನೆಯಲೂ ಅವರಿಂದ ಆಗಲಿಲ್ಲ.

ನಾಯಿಗೆ ತರಬೇತಿ ಕೊಡುವ ಇಬ್ಬರು ಹತ್ತಿರದಲ್ಲೇ ಸಿಕ್ಕರು. ಇಬ್ಬರನ್ನೂ ಮನೆಗೆ ಕರೆದು, ಮೇಷ್ಟ್ರು ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದರು. ನಾಯಿಯ ಜೊತೆ ಹೇಗಿರುತ್ತಾರೆ ಎಂದಲ್ಲ, ಕಾರು ಹೇಗೆ ನಿಲ್ಲಿಸುತ್ತಾರೆ ಎಂದು. ಮೊದಲು ಬಂದ ಹೆಂಗಸು ರಿವರ್ಸ್ ತೆಗೆಯುವಾಗ ಗೇಟಿನ ಪಕ್ಕದ ಹೂಕುಂಡವನ್ನು ಒಡೆದಳು. ಅವಳಿಗೆ "ಆಮೇಲೆ ಫೋನ್ ಮಾಡ್ತೀನಿ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದಾಯಿತು. ಎರಡನೆಯವನು ದಪ್ಪ ಮೀಸೆಯವನು. ಒಂದೇ ಸಲಕ್ಕೆ, ಗೋಡೆಗೆ ಅಂಟಿಸಿದ ಹಾಗೆ ನಿಲ್ಲಿಸಿದ.

"ನೋಡು, ಸ್ಟೇರಿಂಗ್ ಹಿಡಿದಿರೋದು ನೋಡು," ಎಂದರು ಮಗಳಿಗೆ.

"ಯಾಕಪ್ಪ, ಹಾರನ್‌ಗೆ ಲೈಸೆನ್ಸ್ ಮಾಡಿಸ್ಬೇಕಾ?"

"ಗಾಡಿ ಮೇಲೆ ಹಿಡಿತ ಇದ್ದೋನಿಗೆ ಎಲ್ಲದರ ಮೇಲೂ ಹಿಡಿತ ಇರುತ್ತೆ ಕಣೆ."

ಹಿಡಿತವೇನೋ ಇತ್ತು. ಮೀಸೆಯವನು ಸರಪಳಿ ಜಗ್ಗಿ ಗದರಿದ ಕೆಲವೇ ದಿನಗಳಲ್ಲಿ ಹಾರನ್ ಹಾರುವುದನ್ನು ನಿಲ್ಲಿಸಿತು. ಜೊತೆಗೆ ಬೊಗಳುವುದನ್ನೂ ಬಾಲ ಆಡಿಸುವುದನ್ನೂ ನಿಲ್ಲಿಸಿತು. ಸಂಜೆ ಮೇಷ್ಟ್ರು ಬಾಗಿಲು ತೆಗೆದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿತ್ತು. ಒಂದು ದಿನ ಅವರು ಕರೆದಾಗ ಬಂದು, ಮುದುಡಿ, ಅವರ ಬೂಟಿನ ಪಕ್ಕ ಉಚ್ಚೆ ಹೊಯ್ದುಕೊಂಡಿತು. ಆ ಮುಖವನ್ನು ಅವರು ಎಲ್ಲೋ ನೋಡಿದ್ದರು. ಬಟ್ಟೆ ಹಿಡಿದು ನೆಲ ಒರೆಸುವಾಗ ಹೊಳೆಯಿತು: ಪಾಠದ ಕಾರಿನಲ್ಲಿ, ಪಕ್ಕದ ಸೀಟಿನ ತಮ್ಮ ಕಾಲ ಬಳಿಯ ಬ್ರೇಕನ್ನು ತಾವು ದಡಕ್ಕನೆ ಒತ್ತಿದಾಗ ಕಲಿಯುವವರ ಮುಖ ಹೀಗೇ ಆಗುತ್ತದೆ.

ಮರುದಿನ ಮೀಸೆಯವನಿಗೆ ಬರಬೇಡಿ ಎಂದು ಹೇಳಿ, ಹೂಕುಂಡದವಳಿಗೇ ಫೋನ್ ಮಾಡಿದರು. ಅವಳು ಈ ಸಲ ಜಾಗ್ರತೆಗೆ ಕಾರನ್ನು ಬೀದಿಯಲ್ಲೇ ಬಿಟ್ಟು ಬಂದಳು. ನಡುಮನೆಯಲ್ಲಿ ನೆಲದ ಮೇಲೆ ಕೂತು, ಮೇಜಿನ ಕೆಳಗಿದ್ದ ಹಾರನ್ ಕಡೆ ನೋಡದೆಯೇ ಕೇಳಿದಳು.

"ಮುಂಚೆ ಇದು ಮೈಮೇಲೆ ಹಾರಿದಾಗ ನೀವೇನ್ ಮಾಡ್ತಿದ್ರಿ ಸರ್?"

"ಬೈತಿದ್ದೆ."

"ಸುಮ್ನೆ ಕೂತಿದ್ದಾಗ?"

"ನಾನೂ ಸುಮ್ನಿರ್ತಿದ್ದೆ. ನಮ್ಮ ಕೆಲಸದಲ್ಲೂ ಅಷ್ಟೇ ಅಲ್ವಾ. ನಾನು ಬ್ರೇಕ್ ಒತ್ತಿಲ್ಲ ಅಂದ್ರೆ ಸರಿಯಾಗಿ ಓಡಿಸ್ತಿದಾರೆ ಅಂತ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಬೇಕೆಂತಲೇ ಸದ್ದು ಮಾಡಿತು. ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ಅವರ ಹತ್ತಿರ ಕಲಿಯಲು ಹೋಗಿ, ನಡುರಸ್ತೆಯಲ್ಲಿ ಕಾರಿಳಿದು ಮನೆಗೆ ನಡೆದು ಬಂದು, ಎದುರಾಳಿ ಡ್ರೈವಿಂಗ್ ಸ್ಕೂಲಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡಿದ್ದಳು.

"ಸರಿಯಾಗಿದೆ ಅಂತ ನಿಮಗೆ ಗೊತ್ತು. ಅದಕ್ಕೆ ಹೇಗೆ ಗೊತ್ತಾಗ್ಬೇಕು?" ಎಂದಳು ಹೂಕುಂಡದವಳು. ಹಾರನ್ ಕೂತ ತಕ್ಷಣ ಬಾಯಿಬಿಟ್ಟು "ಜಾಣ" ಎನ್ನಬೇಕು, ಬಿಸ್ಕತ್ತಿನ ಚೂರು ಕೊಡಬೇಕು. ಪಾಠ ಇಷ್ಟೇ.

ಹಾರನ್ ಕೂರುವುದನ್ನು ಬೇಗ ಕಲಿತಿತು. ಮೇಷ್ಟ್ರಿಗೇ ಆ ಎರಡಕ್ಷರ ಬಾಯಿಗೆ ಬರಲಿಲ್ಲ. ಮೊದಲ ದಿನ ಆ ಮಾತು ಕೆಮ್ಮಿನ ಹಾಗೆ ಹೊರಟು, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವರು ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅಭ್ಯಾಸ ಮಾಡಿದರು. ಈ ವಯಸ್ಸಿನಲ್ಲಿ ನಲ್ಲಿಯನ್ನು ಹೊಗಳುವ ಗತಿ ಬಂತಲ್ಲ ಎಂದು ಕನ್ನಡಿಯಲ್ಲಿ ತಮ್ಮನ್ನೇ ನೋಡಿ ನಕ್ಕೂ ನಕ್ಕರು.

ಅತ್ತೆಯನ್ನು ಆಸ್ಪತ್ರೆಯಿಂದ ಕರೆತಂದವಳು ಹೆಂಡತಿ. ಬಾಗಿಲಲ್ಲಿ ಹಾರನ್ ಪಕ್ಕ ನಿಂತಿದ್ದ ಮೇಷ್ಟ್ರು, ಅವಳು ಆ ಇಕ್ಕಟ್ಟು ಗೇಟಿನೊಳಗೆ ರಿವರ್ಸ್ ಬಂದು, ಹೊಸ ಹೂಕುಂಡಕ್ಕೆ ತಾಗದೆ, ತಾಯಿ ಇಳಿಯಲು ಬಾಗಿಲಷ್ಟು ಜಾಗ ಬಿಟ್ಟು ನಿಲ್ಲಿಸಿದ್ದನ್ನು ನೋಡಿದರು. ಅವರ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ನೆಲದ ಮೇಲೇ ಒತ್ತುತ್ತಿತ್ತು.

ವಾಕರ್ ಟಕ್ ಟಕ್ ಎಂದು ಹತ್ತಿರವಾಯಿತು. ಹಾರನ್ ಮೂಗಿನಿಂದ ಬಾಲದವರೆಗೆ ನಡುಗಿತು. ಅತ್ತೆ ಹೆದರಿ ನಿಂತರು. ಹಾರನ್ ಮೇಷ್ಟ್ರ ಮುಖವನ್ನೊಮ್ಮೆ ನೋಡಿ, ಕುಂಡೆ ನೆಲಕ್ಕೂರಿ ಕೂತಿತು.

"ಜಾಣ," ಎಂದರು ಮೇಷ್ಟ್ರು. "ಜಾಣ ಕಣೋ ನೀನು. ನನ್ನಪ್ಪ." ಕಣ್ಣು ಒದ್ದೆಯಾಗಿತ್ತು, ಬಿಸ್ಕತ್ತಿನ ಚೂರು ಕೈಜಾರಿತು. ಅತ್ತೆ ನಿಧಾನಕ್ಕೆ ದಾಟಿ ಒಳಗೆ ಹೋದರು.

ಹೆಂಡತಿ ಹೋಗಲಿಲ್ಲ. ಕಾರಿನ ಕೀ ಹಿಡಿದು ಮೆಟ್ಟಿಲ ಮೇಲೇ ನಿಂತಿದ್ದಳು. ಹಾರನ್ ಕೂತು ಕಾದ ಹಾಗೇ ಅವಳೂ ಕಾಯುತ್ತಿದ್ದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕಾರು," ಎಂದರು. ಮತ್ತೊಮ್ಮೆ ಸರಿಮಾಡಿಕೊಂಡರು. "ಕಾರು ಚೆನ್ನಾಗಿ ನಿಲ್ಲಿಸಿದೆ."

ಅವಳು ಹತ್ತಿರ ಬಂದು, ಅವರ ಜೇಬಿಗೆ ಕೈಹಾಕಿ, ಬಿಸ್ಕತ್ತಿನ ಚೂರೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು.