ಕರಗುವ ಬಿಂಗ್ಸುವಿಗೆ ಕುರ್ಚಿ ಹುಡುಕಿದ್ದು

ಗೆಳೆಯರೇ, ಇವತ್ತು ಸಾಂತಾಕ್ರೂಜಿನ ಕೊರಿಯನ್ ಕೆಫೆಯಲ್ಲಿ ನಾನು ಮೊಮ್ಮಗಳ ಮರ್ಯಾದೆ ತೆಗೆದೆನಂತೆ. ನನಗಂತೂ ಇನ್ನೂ ನಗು ನಿಂತಿಲ್ಲ.

ಅವಳು ಬಿಂಗ್ಸು ತರಿಸಿದ್ದಳು. ಹಾಲಿನ ಐಸನ್ನು ನುಣ್ಣಗೆ ತುರಿದು, ಮೇಲೆ ಮಾವಿನ ಹಣ್ಣು ಸುರಿದ ಗುಡ್ಡ ಅದು. ಬಟ್ಟಲು ಕೈಗೆ ಬಂತು, ಕೂರಲು ಟೇಬಲ್ ಇಲ್ಲ. ಗುಡ್ಡ ಕುಸಿಯತೊಡಗಿತು, ಅವಳ ಮುಖವೂ ಇಳಿಯಿತು. ಮೂಲೆಯಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ನಾಲ್ಕು ಕುರ್ಚಿಯ ಟೇಬಲ್ ಹಿಡಿದು ಮೌನವಾಗಿದ್ದರು. ನಾನು ದಾದರಿನ ಉಡುಪಿ ಹೋಟೆಲಿನಲ್ಲಿ ದುಡಿದವನು. ಅಲ್ಲಿ ಖಾಲಿ ಕುರ್ಚಿ ಕಂಡರೆ ಯಾರೂ ಕೇಳುವುದಿಲ್ಲ, ಕೂರುತ್ತಾರೆ. "ಥೋಡಾ ಸರಕೋ" ಎಂದು ಅವರನ್ನು ಸ್ವಲ್ಪ ಸರಿಸಿ ಕುಳಿತುಬಿಟ್ಟೆ.

"ಅಜ್ಜಾ, ಉಠೋ ನಾ! ಇಲ್ಲಿ ಹಾಗೆ ಕೂರುದಿಲ್ಲ!" ಎಂದು ಮೊಮ್ಮಗಳು ಹಲ್ಲು ಕಚ್ಚಿದಳು.

"ಸುಮ್ಮನೆ ಕೂರು ಮಾರಾಯ್ತಿ, ಐಸು ನೀರಾಗ್ತದೆ."

ಆಮೇಲೆ ಜಗಳ ಆಯಿತೇನೋ ಎಂದು ಆ ಇಬ್ಬರನ್ನೇ ಕೇಳಿದೆ, "ಝಗಡಾ ಹುವಾ ಕ್ಯಾ?"

"ನಹೀ ಅಂಕಲ್" ಎಂದಳು ಹುಡುಗಿ. ಮನೆಯವರು ನೋಡಿದ ಸಂಬಂಧವಂತೆ, ಮೊದಲ ಭೇಟಿಯಂತೆ, ಇಬ್ಬರಿಗೂ ಮಾತೇ ಹೊರಡುತ್ತಿಲ್ಲವಂತೆ. ನಮ್ಮ ಬಟ್ಟಲನ್ನೇ ನಡುವೆ ಇಟ್ಟು, ಇಬ್ಬರ ಕೈಗೂ ಒಂದೊಂದು ಚಮಚ ಕೊಟ್ಟು, "ಖಾವೋ" ಎಂದು ಗದರಿಸಿದೆ. ಹುಡುಗ ಮಾವು ಬದಿಗೆ ಸರಿಸಿ ಬರೀ ಐಸು ತಿಂದ. "ಆಮ್ ಪಸಂದ್ ನಹೀ?" ಎಂದು, ಮಾವು ಸೇರದವರೂ ಇದ್ದಾರೆಯೇ ಎಂಬಂತೆ ಹುಡುಗಿ ಬೆರಗಾದಳು. ಅಲ್ಲಿಂದ ಅವರಿಬ್ಬರ ನಡುವೆ ಶುರುವಾದ ವಾದ ನಿಲ್ಲಲೇ ಇಲ್ಲ. ನಾನು ಏಳಹೋದರೆ ಹುಡುಗ, "ಬೈಠಿಯೇ ಅಂಕಲ್!" ಎಂದು ತೋಳು ಹಿಡಿದು, ಇನ್ನೊಂದು ಬಿಂಗ್ಸು ತರಿಸಿದ.

ಸಂಬಂಧ ಕುದುರುತ್ತದೋ ಇಲ್ಲವೋ ಗೊತ್ತಿಲ್ಲ. ಎರಡನೇ ಬಟ್ಟಲನ್ನು ಮಾತ್ರ ನಾನೂ ಮೊಮ್ಮಗಳೂ ಖಾಲಿ ಮಾಡಿದೆವು. ಮಾತಿನ ಭರದಲ್ಲಿ ಅವರಿಗೆ ತಿನ್ನಲು ಪುರುಸೊತ್ತೇ ಇರಲಿಲ್ಲ.